ಪತ್ಮೋಸ್ ದ್ವೀಪದಿಂದ ಬಂದ ಪತ್ರ



ದೇವಾಲಯದ ಶತಮಾನೋತ್ಸವದ ಈ ಶುಭ ಸಂದರ್ಭದಲ್ಲಿ, ಪ್ರವಾಸಿ ಹಡಗಿನಲ್ಲಿ ಪತ್ಮೋಸ್ ದ್ವೀಪವನ್ನು ಸಂದರ್ಶಿಸಿ ಬಂದಿರುವ ನಮಗೆ ಆ ಕುರಿತು ನಾಲ್ಕು ಮಾತುಗಳನ್ನಾಡಲು ಅಪ್ಪಣೆಯಾಗಿದೆ.

ಪತ್ಮೋಸ್, ಗ್ರೀಸ್ ದೇಶಕ್ಕೆ ಸೇರಿದ, ಈಜಿಯನ್ ಸಮುದ್ರದ ನಡುವಣ ಒಂದು ಕಲ್ಲುಗುಡ್ಡಗಳ ದ್ವೀಪ. ವಿಸ್ತಾರ ಸುಮಾರು 34 ಚದರ ಕಿಲೋಮೀಟರು. ವಿಮಾನ ನಿಲ್ದಾಣವಿಲ್ಲದ ಕಾರಣ ಯಾತ್ರಿಕರು ಕಡಲ ಹಾದಿಯನ್ನೇ ಹಿಡಿಯಬೇಕು. ದೊಡ್ಡ ಹಡಗುಗಳು ಸ್ಕಾಲಾ ಬಂದರಿನ ಹೊರಗೆ ಲಂಗರು ಹಾಕಿದರೆ, ಸಣ್ಣ ದೋಣಿಗಳು ಜನರನ್ನು ದಡಕ್ಕೆ ಮುಟ್ಟಿಸುತ್ತವೆ.

ಅದಕ್ಕೆ ಮೊದಲು ನಮ್ಮ ಹಡಗು ತುರ್ಕಿಯ ಕುಶಾದಾಸಿ ಬಂದರಿನಲ್ಲಿ ತಂಗಿದಾಗ, ಸಮೀಪದ ಎಫೆಸ ಪಟ್ಟಣದ ಅವಶೇಷಗಳನ್ನು ನೋಡಿದೆವು. 431ರಲ್ಲಿ ಕನ್ಯಾಮರಿಯಮ್ಮನವರನ್ನು ದೇವಮಾತೆಯೆಂದು ಎತ್ತಿಹಿಡಿದ ಮಹಾಸಭೆ ಸೇರಿದ್ದು ಆ ಪಟ್ಟಣದಲ್ಲಿಯೇ. ಸಭೆ ನಡೆದ ಸ್ಥಳವೆಂದು ತೋರಿಸಲಾಗುವ ಮರಿಯಮ್ಮನವರ ದೇವಾಲಯಕ್ಕೆ ಇಂದು ಛಾವಣಿಯಿಲ್ಲ; ಕಂಬಗಳು ಬಯಲಿನಲ್ಲಿ ನಿಂತಿವೆ. ಅಲ್ಲಿನ ಪುರಾತನ ಬಂದರು ಹೂಳಿನಿಂದ ಮುಚ್ಚಿಹೋಗಿದೆ.

ಆ ನೋಟವನ್ನು ಮನಸ್ಸಿನಲ್ಲಿಟ್ಟುಕೊಂಡೇ ನಾವು ಪತ್ಮೋಸಿನ ಗುಡ್ಡವನ್ನೇರಿದೆವು. ಶ್ರೀಸಭೆಯ ಪರಂಪರೆಯಂತೆ, ರೋಮ್ ಚಕ್ರವರ್ತಿ ದೊಮಿಷಿಯನನ ಕಾಲದಲ್ಲಿ, ಒಂದನೆಯ ಶತಮಾನದ ಕೊನೆಗೆ, ಪ್ರೇಷಿತ ಸಂತ ಯೊವಾನ್ನರು ಇಲ್ಲಿಗೆ ಗಡೀಪಾರಾದರು. ಅವರಿಗೆ ದಿವ್ಯದರ್ಶನವಾಯಿತೆನ್ನುವ ಗವಿ ಗುಡ್ಡದ ನಡುವಿನಲ್ಲಿದೆ. ಅವರು ತಲೆಯಿಟ್ಟು ಮಲಗುತ್ತಿದ್ದರೆನ್ನುವ ಬಂಡೆಯ ಕುಳಿಗೆ ಬೆಳ್ಳಿಯ ಅಂಚು ಕಟ್ಟಿದ್ದಾರೆ. ಶಿಖರದಲ್ಲಿ, 1088ರಲ್ಲಿ ಸಂತ ಕ್ರಿಸ್ತೊದುಲೋಸರು ಸ್ಥಾಪಿಸಿದ ಮಠವು ಕೋಟೆಯಂತೆ ನಿಂತಿದೆ. 1999ರಲ್ಲಿ ಮಠ, ಗವಿ ಹಾಗೂ ಖೋರಾ ಊರು ವಿಶ್ವಪರಂಪರೆಯ ಪಟ್ಟಿಗೆ ಸೇರಿದವು.

ಇವೆಲ್ಲ ಆರ್ಥೊಡಾಕ್ಸ್ ಸಭೆಯವರ ಪಾಲನೆಯಲ್ಲಿವೆ. 1054ರ ಬಹಿಷ್ಕಾರಗಳನ್ನು ಜಗದ್ಗುರು ಆರನೆಯ ಪೌಲರೂ ಪಿತೃಪ್ರಧಾನ ಅಥೆನಾಗೊರಾಸರೂ 1965ರ ಡಿಸೆಂಬರ್ 7ರಂದು ನೆನಪಿನಿಂದಲೇ ತೆಗೆದುಹಾಕಿದರು. ಆದರೂ ಒಂದೇ ಪೀಠದ ಮುಂದೆ ಪರಮಪ್ರಸಾದವನ್ನು ಹಂಚಿಕೊಳ್ಳುವ ದಿನ ಇನ್ನೂ ಬಂದಿಲ್ಲ. ಆ ನೋವಿನೊಡನೆಯೇ ನಾವು ಗವಿಯಲ್ಲಿ ಮೌನವಾಗಿ ಪ್ರಾರ್ಥಿಸಿದೆವು.

ಪ್ರಿಯರೇ, ಈ ದ್ವೀಪದ ಬಂದಿಯು ಏಳು ಸಭೆಗಳಿಗೆ ಪತ್ರ ಬರೆದುದನ್ನು ಪ್ರಕಟನೆಯ ಗ್ರಂಥದಲ್ಲಿ ನಾವೆಲ್ಲ ಓದಿದ್ದೇವೆ. ಮೊದಲನೆಯದು ಎಫೆಸಕ್ಕೆ. ಅದರಲ್ಲಿ ಆ ಸಭೆಯ ದುಡಿಮೆಗೂ ತಾಳ್ಮೆಗೂ ಮೆಚ್ಚುಗೆಯಿದೆ; ಆದರೆ ಆರಂಭದ ಪ್ರೀತಿ ಈಗಿಲ್ಲವೆಂಬ ಆಕ್ಷೇಪವೂ ಇದೆ. ಎರಡನೆಯದು ಬಡತನದಲ್ಲಿದ್ದ ಸ್ಮುರ್ನಕ್ಕೆ. ಅದರಲ್ಲಿ ಒಂದು ಆಕ್ಷೇಪವೂ ಇಲ್ಲ. ಇಂದು ಇಜ್ಮಿರ್ ಎಂದು ಕರೆಯಲಾಗುವ ಆ ನಗರದಲ್ಲಿ ಕಥೋಲಿಕರು ಅಲ್ಪಸಂಖ್ಯೆಯವರಾದರೂ ಬಲಿಪೂಜೆ ಈಗಲೂ ಸಲ್ಲುತ್ತಿದೆ.

ನೂರು ವರ್ಷ ತುಂಬಿದ ಸಭೆಗೂ ಅದೇ ಪತ್ರ ಅನ್ವಯಿಸುತ್ತದೆ. ಗೋಪುರಕ್ಕೆ ಸುಣ್ಣ ಬಳಿಯಬಹುದು, ಗಂಟೆಯನ್ನು ಹೊಸದಾಗಿ ಎರಕ ಹೊಯ್ಯಿಸಬಹುದು. ಪ್ರೀತಿಯನ್ನು ಮಾತ್ರ ಪ್ರತಿಯೊಂದು ಪೀಳಿಗೆಯೂ ತಾನೇ ಹೊತ್ತಿಸಿಕೊಳ್ಳಬೇಕು. ಹಿರಿಯರು ಹೊತ್ತಿಸಿದ ಆ ದೀಪ ನಮ್ಮ ಕೈಯಲ್ಲಿ ಆರದಿರಲೆಂದು ಪ್ರಾರ್ಥಿಸುತ್ತಾ ನಮ್ಮ ಮಾತುಗಳನ್ನು ಮುಗಿಸುತ್ತೇವೆ.