ನಮ್ಮ ಗೇಮಿನಲ್ಲಿ ಒತ್ತಕ್ಷರ ಮುರಿಯಬಾರದು

ಕಾಸರಗೋಡು, ತಾಳವಾಡಿ, ಜತ್ತ, ಆದೋನಿ ಕಡೆಯಿಂದೆಲ್ಲ ಬಂದಿದ್ದೀರಿ. ನಿಮ್ಮಲ್ಲಿ ಕೆಲವರು ಕಂಪ್ಯೂಟರ್ ಗೇಮ್ ಮಾಡ್ತಾ ಇದ್ದೀರಿ, ಸಂತೋಷ. ಆದರೆ "ಗೇಮ್ ಒಳಗೆ ಕನ್ನಡ ಒಡೆದು ಹೋಗುತ್ತೆ, ಇಂಗ್ಲಿಷಲ್ಲೇ ಇರಲಿ ಬಿಡಿ" ಅಂತೀರಿ. ದಯವಿಟ್ಟು ಬಿಡಬೇಡಿ. ತಪ್ಪು ಕನ್ನಡದ್ದಲ್ಲ.

ನಾವೇನೂ ಇಂಜಿನಿಯರ್ ಅಲ್ಲ, ಬಿ.ಕಾಂ. ಓದಿ ಬ್ಯಾಂಕಿನಲ್ಲಿ ಕೂತವರು. ಕೆದಕಿ ನೋಡಿದಾಗ ತಿಳಿದದ್ದು ಇಷ್ಟು. 'ಸ್ತ್ರೀ' ನಮಗೆ ಒಂದೇ ಅಕ್ಷರ. ಕಂಪ್ಯೂಟರಿಗೆ ಅದು 6 ಯೂನಿಕೋಡ್ ಸಂಕೇತ. ಅವನ್ನು ಕೂಡಿಸಿ ಒತ್ತನ್ನು ಕೆಳಗೆ ಕೂರಿಸುವ ಕೆಲಸವನ್ನು ಬ್ರೌಸರ್, ನೋಟ್‌ಪ್ಯಾಡ್ ಇಂಥ ಕಡೆ ಬೇರೊಂದು ತಂತ್ರಾಂಶ ಮಾಡುತ್ತೆ. ಗೇಮ್ ಹಾಗಲ್ಲ. ಅದು ವಿಂಡೋಸ್‌ನಲ್ಲಿ ಡೈರೆಕ್ಟ್3ಡಿ, ಮ್ಯಾಕ್‌ನಲ್ಲಿ ಮೆಟಲ್, ಲಿನಕ್ಸ್‌ನಲ್ಲಿ ವಲ್ಕನ್ ಮೂಲಕ ಗ್ರಾಫಿಕ್ಸ್ ಕಾರ್ಡಿನಿಂದ ಅಕ್ಷರವನ್ನೂ ಚಿತ್ರದ ಹಾಗೇ ಬರೆಸುತ್ತೆ. ಕೂಡಿಸುವ ಕೆಲಸ ಗೇಮ್ ಎಂಜಿನ್ ಮಾಡದಿದ್ದರೆ ಒತ್ತು ಬೀದಿಪಾಲು.

ಇದಕ್ಕೆ ದಾರಿ ಇದೆ. ಗೊಡಾಟ್ ಅನ್ನೋದು ಉಚಿತ, ಮುಕ್ತ ತಂತ್ರಾಂಶ. 2023ರ ಮಾರ್ಚಿನಲ್ಲಿ ಬಂದ ಅದರ 4.0 ಆವೃತ್ತಿಯಲ್ಲಿ ಹಾರ್ಫ್‌ಬಜ್ ಸೇರಿದೆ. ಅಕ್ಷರ ಕೂಡಿಸೋದೇ ಅದರ ಕೆಲಸ. ಜೊತೆಗೆ ನೋಟೊ ಸ್ಯಾನ್ಸ್ ಕನ್ನಡದಂಥ ಉಚಿತ ಫಾಂಟ್ ಹಾಕಿದರೆ ಸಾಕು.

"ಗೇಮ್ ನಿಧಾನ ಆಗಲ್ವಾ?" ಅಂತ ಕೇಳ್ತೀರಿ. ಸೆಕೆಂಡಿಗೆ 60 ಚಿತ್ರ ಅಂದರೆ ಒಂದೊಂದಕ್ಕೂ ಸಿಗೋದು ಸುಮಾರು 16.7 ಮಿಲಿಸೆಕೆಂಡ್, ನಿಜ. ಆದರೆ ಸಾಲು ಬದಲಾಗದಿದ್ದರೆ ಮತ್ತೆ ಮತ್ತೆ ಕೂಡಿಸಬೇಕಿಲ್ಲ. ಒಮ್ಮೆ ಕೂಡಿಸಿಟ್ಟದ್ದನ್ನೇ ಪ್ರತಿ ಸಲ ಬರೆದರಾಯ್ತು.

ಇನ್ನು, ಕನ್ನಡವನ್ನು ಫೋಟೋ ಮಾಡಿ ಅಂಟಿಸೋ ಅಡ್ಡದಾರಿ ಬೇಡ. ಆಡುವವರ ಹೆಸರು ಬಂದ ಕೂಡಲೇ ಅದು ಕೈಕೊಡುತ್ತೆ. ಮೊದಲ ದಿನವೇ 'ಸ್ತ್ರೀ', 'ಸೂರ್ಯ', 'ರಾಷ್ಟ್ರ' ಈ ಮೂರು ಪದ ಪರದೆ ಮೇಲೆ ಹಾಕಿ ನೋಡಿ. ಸರಿ ಬಂದರೆ ಮುಂದುವರಿಯಿರಿ. ಬರದಿದ್ದರೆ ಆಗಲೇ ಎಂಜಿನ್ ಬದಲಿಸಿ. ಅರ್ಧ ಗೇಮ್ ಆದ ಮೇಲೆ ಬದಲಿಸೋದು ಬಲು ಕಷ್ಟ.

ಬಸ್ಸಿನ ಬೋರ್ಡಿನಲ್ಲಿ, ಕಚೇರಿಯ ಅರ್ಜಿಯಲ್ಲಿ ಕನ್ನಡ ಇರಲಿ ಅಂತ ನಾವು ಕೇಳುತ್ತಲೇ ಇದ್ದೇವೆ, ಕೇಳುತ್ತಲೇ ಇರಬೇಕು. ಅದು ಕೊಡುವವರ ಕೈಲಿದೆ. ನಾವೇ ಮಾಡುವ ಗೇಮಿಗೆ ಯಾರ ಅಪ್ಪಣೆಯೂ ಬೇಕಿಲ್ಲ. ನಮ್ಮೂರ ಕನ್ನಡ ಶಾಲೆಯ ಮಗು ಅದನ್ನು ತೆರೆದಾಗ, ತನ್ನ ಹೆಸರು ಒತ್ತಕ್ಷರದ ಸಮೇತ ನೆಟ್ಟಗೆ ಕಾಣಬೇಕು. ಅಷ್ಟು ಮಾಡೋಣ.