ಇಳಿತದ ದಿನ ಸೋಲಿನ ದಿನವಲ್ಲ



ಹೊಡೆತದ ಮನೆಯಿಂದ ಹೊರಬಂದ ಹೆಣ್ಣನ್ನು ಎಲ್ಲರೂ ಕೇಳುವುದು ಒಂದೇ: "ಈಗ ಆರಾಮಾಗಿದ್ದೀಯಲ್ಲ?" ನಾನೂ ಹಾಗೆ ಹೊರಬಂದವಳು. ಮೈಮೇಲಿನ ಬಾಸುಂಡೆ ಬೇಗ ಮಾಸಿತು. ರಾತ್ರಿ ಚಿಲಕದ ಸದ್ದಾದರೆ ಎದೆ ಹೊಡೆದುಕೊಳ್ಳುವುದು ಮಾತ್ರ ವರ್ಷಗಟ್ಟಲೆ ನಿಲ್ಲಲಿಲ್ಲ. ಎರಡು ತಿಂಗಳು ಒಳ್ಳೆಯ ನಿದ್ದೆ; ಕೋರ್ಟಿನ ವಾಯಿದೆ ಹತ್ತಿರ ಬಂತೆಂದರೆ ಮತ್ತೆ ಕೈನಡುಕ.

ಇದು ಹುಚ್ಚಲ್ಲ. ಸದಾ ಹೊಡೆತಕ್ಕೆ ಎದುರುನೋಡಿದ ದೇಹ ಅಪಾಯ ಮುಗಿದರೂ ಕಾವಲು ಬಿಡುವುದಿಲ್ಲ. ಅಮೆರಿಕದ ಮನೋವೈದ್ಯೆ ಜುಡಿತ್ ಹರ್ಮನ್ 1992ರ ಪುಸ್ತಕದಲ್ಲಿ ಚೇತರಿಕೆಗೆ ಮೂರು ಹಂತ ಹೇಳಿದರು: ಮೊದಲು ಸುರಕ್ಷತೆ, ನಂತರ ಆದದ್ದನ್ನು ನೆನೆದು ದುಃಖಿಸುವುದು, ಆಮೇಲೆ ಜನರೊಡನೆ ಮತ್ತೆ ಬೆರೆಯುವುದು. ಇವು ನೇರ ಮೆಟ್ಟಿಲುಗಳಲ್ಲ, ಹಿಂದೆಮುಂದೆ ಆಗುತ್ತವೆ ಎಂದೂ ಅವರೇ ಹೇಳಿದ್ದಾರೆ.

ಇಂಥ ಇಳಿತದ ದಿನವೇ "ಹೊಂದಿಕೊಂಡು ಹೋಗಮ್ಮ" ಎನ್ನುವವರು ಬರುತ್ತಾರೆ. ದಣಿದ ಮನಸ್ಸು ಬೇಗ ತಲೆಯಾಡಿಸುತ್ತದೆ. ಹಾಗೆ ಮರಳಿದವರಲ್ಲಿ ಜೀವವನ್ನೇ ಕಳೆದುಕೊಂಡವರಿದ್ದಾರೆ. ಅದಕ್ಕೇ ಹೇಳುತ್ತೇನೆ, ಆ ದಿನ ದೊಡ್ಡ ತೀರ್ಮಾನ ಬೇಡ.

ಸಂಘದ ಗೆಳತಿಯರು "ಮರೆತುಬಿಡು" ಎನ್ನಬೇಡಿ. ಪಕ್ಕದಲ್ಲಿ ಕೂತು ಕೇಳಿ. ವಾಯಿದೆಗೆ ಜೊತೆ ಹೋಗಿ. ಬೆದರಿಕೆ ಬಂದರೆ 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆಯಡಿ ಸಂರಕ್ಷಣಾಧಿಕಾರಿಯನ್ನು ಕಾಣಿ. ಮಹಿಳಾ ಸಹಾಯವಾಣಿ 181 ಇದೆ. ಮನಸ್ಸಿನ ನೋವಿಗೆ ಟೆಲಿ ಮಾನಸ್ 14416ಕ್ಕೆ ಉಚಿತವಾಗಿ ಕರೆ ಮಾಡಬಹುದು.

ಒಂದು ವಾರ ಉಳಿತಾಯ ಕಟ್ಟಲಾಗದಿದ್ದರೆ ಹಿಂದೆ ಕಟ್ಟಿದ್ದು ಕರಗುತ್ತದೆಯೇ? ಚೇತರಿಕೆಯೂ ಹಾಗೆಯೇ. ಮುಂದಿನ ವಾರ ಮತ್ತೆ ಕಟ್ಟೋಣ.