ಮನೆಯಲ್ಲಿ ಧ್ವನಿಮುದ್ರಣ: ಇಂಟರ್‌ಫೇಸ್ ಕೊಳ್ಳುವ ಮುನ್ನ



ಶಿಗ್ಗಾಂವಿ ತಾಲ್ಲೂಕಿನ ಶಿಶುವಿನಹಾಳದಲ್ಲಿ 1819ರಲ್ಲಿ ಹುಟ್ಟಿದ ಸಂತ ಶರೀಫರು 1889ರಲ್ಲಿ ತೀರಿಕೊಂಡರು. ಅದಕ್ಕೆ ಹನ್ನೆರಡು ವರ್ಷ ಮೊದಲು, 1877ರಲ್ಲಿ, ಅಮೆರಿಕದ ಥಾಮಸ್ ಎಡಿಸನ್ ದನಿಯನ್ನು ಹಿಡಿದಿಟ್ಟು ಮತ್ತೆ ಕೇಳಿಸುವ ಫೋನೋಗ್ರಾಫ್ ಯಂತ್ರವನ್ನು ಕಂಡುಹಿಡಿದಿದ್ದ. ಆದರೆ ಆ ಯಂತ್ರ ಶರೀಫರ ಮುಂದೆ ಬರಲಿಲ್ಲ. ಅವರ ತತ್ವಪದಗಳು ಬಾಯಿಂದ ಬಾಯಿಗೆ ಹರಿದು ಉಳಿದವು; ಅವರ ದನಿ ಉಳಿಯಲಿಲ್ಲ. ಹಾನಗಲ್ಲಿನ ಹೆಸರನ್ನು ತಮ್ಮ ಹೆಸರಿನೊಡನೆ ಹೊತ್ತ ಗಂಗೂಬಾಯಿ ಹಾನಗಲ್ ಅವರು 2009ರಲ್ಲಿ ನಮ್ಮನ್ನು ಅಗಲಿದರು. ಅವರ ಗಂಭೀರವಾದ ದನಿಯನ್ನು ನಾವು ಇಂದಿಗೂ ಕೇಳುತ್ತೇವೆ. ಈ ವ್ಯತ್ಯಾಸಕ್ಕೆ ಕಾರಣ ಧ್ವನಿಮುದ್ರಣ.

ಹಿಂದೆ ಧ್ವನಿಮುದ್ರಣವೆಂದರೆ ದೊಡ್ಡ ಊರಿನ ಸ್ಟುಡಿಯೋಕ್ಕೆ ಹೋಗಬೇಕಾಗಿತ್ತು. ಈಗ ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರಿನ ಯಾವುದೇ ಮನೆಯಲ್ಲಿ ಒಂದು ಕಂಪ್ಯೂಟರ್, ಒಂದು ಮೈಕು ಮತ್ತು ಇವೆರಡರ ನಡುವೆ ಒಂದು ಚಿಕ್ಕ ಪೆಟ್ಟಿಗೆ ಇದ್ದರೆ ಕೆಲಸ ಆರಂಭಿಸಬಹುದು. ಆ ಪೆಟ್ಟಿಗೆಯ ಹೆಸರೇ ಆಡಿಯೊ ಇಂಟರ್‌ಫೇಸ್. ಪೇಟೆಯಲ್ಲಿ ಇಂಥವು ಹತ್ತಾರು ಬಗೆಯಲ್ಲಿವೆ. ಯಾವುದನ್ನು ಆರಿಸಬೇಕು? ಇದಕ್ಕೆ ಉತ್ತರ ಅಂಗಡಿಯಲ್ಲಿಲ್ಲ, ನಿಮ್ಮ ಮನೆಯಲ್ಲಿದೆ. ಅದು ಹೇಗೆಂದು ನೋಡೋಣ.

ಮೊದಲು ಈ ಪೆಟ್ಟಿಗೆ ಮಾಡುವ ಕೆಲಸವನ್ನು ತಿಳಿಯೋಣ. ನಾವು ಹಾಡಿದಾಗ ಗಾಳಿ ಕಂಪಿಸುತ್ತದೆ. ಮೈಕು ಆ ಕಂಪನವನ್ನು ಅತಿ ಸಣ್ಣ ವಿದ್ಯುತ್ತಾಗಿ ಬದಲಿಸುತ್ತದೆ. ಇಂಟರ್‌ಫೇಸಿನೊಳಗಿನ ಪ್ರೀಆಂಪ್ ಎಂಬ ಭಾಗ ಅದನ್ನು ಹಿಗ್ಗಿಸುತ್ತದೆ. ಅನಂತರ ಇನ್ನೊಂದು ಭಾಗ ಆ ವಿದ್ಯುತ್ತನ್ನು ಸೆಕೆಂಡಿಗೆ ಸಾವಿರಾರು ಸಲ ಅಳೆದು, ಅಂಕಿಗಳಾಗಿ ಕಂಪ್ಯೂಟರಿಗೆ ಕಳಿಸುತ್ತದೆ. ಮರಳಿ ಕೇಳುವಾಗ ಇದೇ ಕೆಲಸ ಹಿಂದುಮುಂದಾಗಿ ನಡೆಯುತ್ತದೆ.

ಇನ್ನು ಎಣಿಕೆಗೆ ಬರೋಣ. ಒಂದೇ ಸಲಕ್ಕೆ ಎಷ್ಟು ಮೈಕುಗಳು ಬೇಕು? ನಿಮ್ಮ ಅಜ್ಜಿ ಹಾಡುವ ಸೋಬಾನೆ ಪದವನ್ನೋ ಬೀಸುವ ಕಲ್ಲಿನ ಪದವನ್ನೋ ಮುದ್ರಿಸುವುದಾದರೆ ಒಂದೇ ಮೈಕು ಸಾಕು. ಒಬ್ಬರು ಪೇಟಿ ನುಡಿಸುತ್ತ ತತ್ವಪದ ಹಾಡುವುದಾದರೆ ದನಿಗೊಂದು, ಪೇಟಿಗೊಂದು, ಒಟ್ಟು ಎರಡು. ಗೀಗೀ ಮೇಳವಾದರೆ ಮುಂದಾಳು ಹಾಡುಗಾರ, ದಪ್ಪು, ತುಂತುಣಿ ಮತ್ತು ಹಿಮ್ಮೇಳದ ದನಿ ಸೇರಿ ನಾಲ್ಕು ಮೈಕುಗಳಾದರೂ ಬೇಕೆನಿಸುತ್ತದೆ. ಹತ್ತಾರು ಡೊಳ್ಳುಗಳ ಮೇಳಕ್ಕೆ ಪ್ರತಿಯೊಂದಕ್ಕೂ ಮೈಕು ಇಡುವುದು ಮನೆಯ ಮಾತಲ್ಲ. ಬಯಲಿನಲ್ಲಿ ದೂರದಿಂದ ಎರಡು ಮೈಕಿನಲ್ಲಿ ಹಿಡಿಯುವುದೇ ಮೇಲು. ಆದ್ದರಿಂದ ಹೆಚ್ಚಿನ ವಿದ್ಯಾರ್ಥಿಗಳಿಗೆ ಎರಡು ಮೈಕಿನ ಇಂಟರ್‌ಫೇಸ್ ಸಾಕು. ಜಾಹೀರಾತಿನಲ್ಲಿ ‘ನಾಲ್ಕು ಇನ್‌ಪುಟ್’ ಎಂದಿದ್ದರೆ ಅವುಗಳಲ್ಲಿ ಮೈಕಿಗೆ ಎಷ್ಟು ಎಂದು ಕೇಳಿ. ಎಷ್ಟೋ ಪೆಟ್ಟಿಗೆಗಳಲ್ಲಿ ಎರಡು ಮಾತ್ರ ಮೈಕಿಗೆ, ಉಳಿದೆರಡು ಕೀಬೋರ್ಡಿನಂಥ ವಾದ್ಯಗಳಿಗೆ ಇರುತ್ತವೆ.

ಎರಡನೆಯದು ಮೈಕಿನ ಜಾತಿ. ಕಂಡೆನ್ಸರ್ ಮೈಕಿಗೆ ಇಂಟರ್‌ಫೇಸು 48 ವೋಲ್ಟಿನ ವಿದ್ಯುತ್ತನ್ನು ಒದಗಿಸಬೇಕು. ಇದನ್ನು ಫ್ಯಾಂಟಮ್ ಪವರ್ ಎನ್ನುತ್ತಾರೆ. ಈ ಮೈಕು ಬಹಳ ಸೂಕ್ಷ್ಮ. ಅಜ್ಜಿಯ ಉಸಿರನ್ನು ಹಿಡಿಯುವಂತೆ ಫ್ಯಾನಿನ ಸದ್ದನ್ನೂ, ಬೀದಿಯ ಟ್ರ್ಯಾಕ್ಟರನ್ನೂ ಹಿಡಿಯುತ್ತದೆ. ಡೈನಮಿಕ್ ಮೈಕಿಗೆ ಈ ವಿದ್ಯುತ್ತು ಬೇಡ. ಬಾಯಿಯ ಹತ್ತಿರ ಹಿಡಿದರೆ ಸುತ್ತಲಿನ ಗದ್ದಲವನ್ನು ಕಡಿಮೆ ಹಿಡಿಯುತ್ತದೆ. ಆದರೆ ಅದರಿಂದ ಬರುವ ವಿದ್ಯುತ್ತು ಬಹಳ ಕ್ಷೀಣ. ಮೆಲುದನಿಯ ಹಾಡುಗಾರರಿದ್ದರೆ ಪ್ರೀಆಂಪ್ ಸುಮಾರು 60 ಡೆಸಿಬೆಲ್‌ನಷ್ಟು ಹಿಗ್ಗಿಸಬಲ್ಲದಾಗಿರಬೇಕು, ಹಿಗ್ಗಿಸುವಾಗ ‘ಸ್’ ಎಂಬ ಸದ್ದು ಸೇರಿಸಬಾರದು. ಅಂಗಡಿಯಲ್ಲಿ ಇದನ್ನು ಸುಲಭವಾಗಿ ಪರೀಕ್ಷಿಸಬಹುದು. ನಿಮ್ಮದೇ ಮೈಕನ್ನು ಜೋಡಿಸಿ, ಗೇನ್ ಗುಂಡಿಯನ್ನು ಹೆಚ್ಚಿಸಿ, ಯಾರೂ ಮಾತನಾಡದೆ ಹೆಡ್‌ಫೋನಿನಲ್ಲಿ ಕೇಳಿ.

ಮೂರನೆಯದು ಅಂಕಿಗಳು. ಜಾಹೀರಾತುಗಳು ನಮ್ಮನ್ನು ಮರುಳು ಮಾಡುವುದು ಇಲ್ಲಿಯೇ. ಮನುಷ್ಯನ ಕಿವಿ ಸೆಕೆಂಡಿಗೆ ಹೆಚ್ಚೆಂದರೆ ಸುಮಾರು 20,000 ಕಂಪನಗಳ ಸದ್ದನ್ನು ಕೇಳಬಲ್ಲದು. ಅದನ್ನು ಸರಿಯಾಗಿ ಹಿಡಿಯಲು ಅದರ ಇಮ್ಮಡಿಗಿಂತ ಹೆಚ್ಚು ಸಲ ಅಳೆದರೆ ಸಾಕು. ಆದ್ದರಿಂದಲೇ 1982ರಲ್ಲಿ ಮಾರುಕಟ್ಟೆಗೆ ಬಂದ ಸಿ.ಡಿ.ಯಲ್ಲಿ ಸೆಕೆಂಡಿಗೆ 44,100 ಅಳತೆಗಳಿವೆ. ವಿಡಿಯೋ ಕೆಲಸಕ್ಕೆ 48,000 ರೂಢಿ. 1,92,000 ಎಂದು ಬರೆದಿರುವ ಪೆಟ್ಟಿಗೆಯಿಂದ ನಿಮ್ಮ ಹಾಡು ನಾಲ್ಕು ಪಟ್ಟು ಇಂಪಾಗುವುದಿಲ್ಲ. ಫೈಲು ಮಾತ್ರ ನಾಲ್ಕು ಪಟ್ಟು ದೊಡ್ಡದಾಗುತ್ತದೆ. ಆದರೆ 24 ಬಿಟ್ ಎಂಬುದು ನಿಜವಾಗಿಯೂ ಉಪಯುಕ್ತ. 16 ಬಿಟ್‌ನಲ್ಲಿ ಪ್ರತಿ ಅಳತೆಗೆ 65,536 ಮೆಟ್ಟಿಲುಗಳಿದ್ದರೆ 24 ಬಿಟ್‌ನಲ್ಲಿ ಒಂದು ಕೋಟಿ ಅರವತ್ತೇಳು ಲಕ್ಷಕ್ಕೂ ಹೆಚ್ಚು. ಹೀಗಾಗಿ ಮಟ್ಟವನ್ನು ತಗ್ಗಿಸಿ ಮುದ್ರಿಸಿದರೂ ದನಿ ಕೆಡುವುದಿಲ್ಲ. ಹಾಡುಗಾರರು ತಾರಸ್ಥಾಯಿಗೆ ಏರಿದಾಗ ಕೆಂಪು ದೀಪ ಹತ್ತಿದರೆ ಆ ಭಾಗ ಒಡೆದುಹೋಗುತ್ತದೆ. ಅದನ್ನು ಪೂರ್ತಿ ಸರಿಪಡಿಸಲಾಗದು. ಆದ್ದರಿಂದ ಮೇಲೆ ಸಾಕಷ್ಟು ಜಾಗ ಬಿಟ್ಟು ಮುದ್ರಿಸಿ. 48,000 ಅಳತೆ, 24 ಬಿಟ್‌ನಲ್ಲಿ ಒಂದು ಮೈಕಿನ ಒಂದು ಗಂಟೆಯ ಮುದ್ರಣಕ್ಕೆ ಸುಮಾರು 518 ಮೆಗಾಬೈಟ್ ಜಾಗ ಬೇಕು. ಇದು ಇಂದಿನ ಕಂಪ್ಯೂಟರಿಗೆ ದೊಡ್ಡ ಹೊರೆಯಲ್ಲ.

ನಾಲ್ಕನೆಯದು ತಡ. ಹಾಡಿದ್ದು ಕಂಪ್ಯೂಟರಿನೊಳಗೆ ಹೋಗಿ ಹೆಡ್‌ಫೋನಿಗೆ ಮರಳುವಷ್ಟರಲ್ಲಿ ಸ್ವಲ್ಪ ಹೊತ್ತು ಹಿಡಿಯುತ್ತದೆ. ಈ ತಡ ಒಂದು ಸೆಕೆಂಡಿನ ನೂರರಲ್ಲಿ ಎರಡು ಭಾಗವಾದರೆ, ಏಳು ಮೀಟರು ಆಚೆ ಕುಳಿತ ತಬಲಾದವರೊಡನೆ ಹಾಡಿದಂತೆ ಇರುತ್ತದೆ; ತಾಳ ತಪ್ಪುತ್ತದೆ. ಮೈಕಿನ ದನಿಯನ್ನು ಕಂಪ್ಯೂಟರಿಗೆ ಕಳಿಸುವ ಮೊದಲೇ ನೇರವಾಗಿ ಹೆಡ್‌ಫೋನಿಗೆ ಕೊಡುವ ಸೌಲಭ್ಯವುಳ್ಳ ಇಂಟರ್‌ಫೇಸ್ ಆರಿಸಿದರೆ ಈ ತೊಂದರೆ ಇಲ್ಲ. ಇದಕ್ಕೆ ಡೈರೆಕ್ಟ್ ಮಾನಿಟರಿಂಗ್ ಎನ್ನುತ್ತಾರೆ.

ಐದನೆಯದು ನಮ್ಮ ಊರಿನ ಕರೆಂಟು. ಯು.ಎಸ್.ಬಿ. ತಂತಿಯಿಂದಲೇ ವಿದ್ಯುತ್ ಪಡೆಯುವ ಇಂಟರ್‌ಫೇಸ್ ಕೊಂಡರೆ, ಕರೆಂಟು ಹೋದಾಗಲೂ ಲ್ಯಾಪ್‌ಟಾಪಿನ ಬ್ಯಾಟರಿಯ ಮೇಲೆ ಕೆಲಸ ಸಾಗುತ್ತದೆ. ಅದನ್ನು ಚೀಲದಲ್ಲಿಟ್ಟುಕೊಂಡು ಪಕ್ಕದ ಹಳ್ಳಿಯ ಹಾಡುಗಾರರ ಮನೆಗೂ ಹೋಗಬಹುದು. ಮುದ್ರಣದಲ್ಲಿ ‘ಗುಂಯ್’ ಎಂಬ ಸದ್ದು ಬಂದರೆ ಲ್ಯಾಪ್‌ಟಾಪಿನ ಚಾರ್ಜರ್ ತೆಗೆದು ನೋಡಿ. ಸದ್ದು ನಿಂತರೆ ತಪ್ಪು ಇಂಟರ್‌ಫೇಸಿನದಲ್ಲ; ಮನೆಯ ಅರ್ಥಿಂಗ್ ಅಥವಾ ಚಾರ್ಜರನ್ನು ಪರೀಕ್ಷಿಸಬೇಕು.

ಕೊನೆಗೆ ಕೋಣೆ. ತಗಡಿನ ಮಾಡಿನ ಮೇಲೆ ಮಳೆ ಬೀಳುವಾಗ ಎಂಥ ದುಬಾರಿ ಪೆಟ್ಟಿಗೆಯೂ ಹಾಡನ್ನು ಕಾಪಾಡಲಾರದು. ಬರಿಗೋಡೆಯ ಖಾಲಿ ಕೋಣೆಯಲ್ಲಿ ದನಿ ಗೋಡೆಗೆ ಬಡಿದು ಮರಳುತ್ತದೆ. ಹಾಸಿಗೆ, ಕೌದಿ, ಜಮಖಾನೆಗಳಿರುವ ಕೋಣೆಯೇ ಒಳ್ಳೆಯ ಸ್ಟುಡಿಯೋ. ಕೈಯಲ್ಲಿರುವ ಹಣವನ್ನೆಲ್ಲ ಇಂಟರ್‌ಫೇಸಿಗೇ ಸುರಿಯದೆ ಮೈಕು, ಸ್ಟ್ಯಾಂಡು, ಒಳ್ಳೆಯ ತಂತಿ, ಕಿವಿಮುಚ್ಚುವ ಹೆಡ್‌ಫೋನುಗಳಿಗೂ ಉಳಿಸಿಕೊಳ್ಳಿ.

ಮಿತ್ರರೇ, ಇನ್ನೊಂದು ಮಾತು. ಹಣ ಕೂಡಿಸುವವರೆಗೆ ಕಾಯಬಹುದು. ಹೊಸ ಮಾದರಿಗಳು ಮುಂದಿನ ವರ್ಷವೂ ಬರುತ್ತವೆ. ಆದರೆ ಎಂಬತ್ತು ದಾಟಿದ ಅಜ್ಜಿಯ ದನಿ ನಮ್ಮ ಅನುಕೂಲಕ್ಕೆ ಕಾಯುವುದಿಲ್ಲ. ಇಂಟರ್‌ಫೇಸ್ ಇಲ್ಲದಿದ್ದರೆ ಇಂದೇ ಮೊಬೈಲಿನಲ್ಲಿ ಮುದ್ರಿಸಿ. ಫ್ಯಾನು ನಿಲ್ಲಿಸಿ, ಕಿಟಕಿ ಮುಚ್ಚಿ, ಮೊಬೈಲನ್ನು ಅವರ ಮುಂದೆ ಒಂದು ಮೊಳ ದೂರದಲ್ಲಿಡಿ. ಮೊದಲು ಅವರ ಒಪ್ಪಿಗೆ ಕೇಳಿ. ಹಾಡಿದವರ ಹೆಸರು, ಊರು, ದಿನಾಂಕ, ಆ ಪದವನ್ನು ಯಾರಿಂದ ಕಲಿತರು ಎಂಬುದನ್ನು ಬರೆದಿಡಿ. ಪ್ರತಿಯನ್ನು ಎರಡು ಕಡೆ ಕಾಪಾಡಿ. ಜಾನಪದದ ಅಧ್ಯಯನಕ್ಕಾಗಿಯೇ 2011ರಲ್ಲಿ ಸ್ಥಾಪನೆಯಾದ ಕರ್ನಾಟಕ ಜಾನಪದ ವಿಶ್ವವಿದ್ಯಾಲಯ ನಿಮ್ಮ ನೆರೆಯಲ್ಲೇ, ಶಿಗ್ಗಾಂವಿ ತಾಲ್ಲೂಕಿನ ಗೊಟಗೋಡಿಯಲ್ಲಿದೆ. ಇಂದು ನೀವು ಹಿಡಿದಿಟ್ಟ ಒಂದು ಪದ ನಾಳೆ ಅಲ್ಲಿನ ಒಬ್ಬ ಸಂಶೋಧಕನಿಗೆ ಆಧಾರವಾದೀತು.

ಶರೀಫರ ದನಿಯನ್ನು ಹಿಡಿಯುವ ಅವಕಾಶ ಅಂದಿನವರಿಗೆ ಇರಲಿಲ್ಲ. ನಿಮಗಿದೆ. ಮೊದಲು ದನಿಗಳನ್ನು ಎಣಿಸಿ, ಅನಂತರ ಪೆಟ್ಟಿಗೆಯನ್ನು ಆರಿಸಿ.